‘ಚಿತ್ರಕೃಪೆ: ಅಂತರ್ಜಾಲ’ ಅಂತ ಬರೆದ್ರ ಮುಗೀತೇನ್ರಿ? ನನ್ನ ಕಿನ್ನಾಳ ಬರಹ ಎತ್ತಿ ಹಾಕ್ಯಾರ

ಕೋಟಿ ಓಣಿ, ಕೊಪ್ಪಳ
ಎಲ್ಲಾರಿಗೂ ನಮಸ್ಕಾರ್ರಿ. ಭಾಳ ಸಿಟ್ಟು ಬಂದೈತಿ. ಸಿಟ್ಟಿನಾಗ ಏನರ ಬರದು ಕೆಡಿಸ್ಕೊಳ್ಳೋದು ಬ್ಯಾಡ ಅಂತ ಮೊದಲು ಇಲ್ಲಿ ಕೇಳಾಕತ್ತೀನಿ.

ಹೋದ ವರ್ಷ ಗೌರಿ ಹುಣ್ಣಿಮಿ ಮುಂದ ಕಟ್ಟಿಗಿ ಗೊಂಬಿಗೆ ಹೆಸರಾದ ಕಿನ್ನಾಳಕ್ಕ ಹೋಗಿ, ಒಬ್ಬ ಹಿರಿಯ ಚಿತ್ರಗಾರರ ಮನಿಯಾಗ ಕುಂತು, ಕಟ್ಟಿಗಿ ಕೆತ್ತೋದರಿಂದ ಹಿಡದು ಬಣ್ಣ ಹಚ್ಚೋತನಕ ನೋಡಿ ಒಂದು ಉದ್ದನ್ನ ಬರಹ ಬರ್ದಿದ್ದೆ. ಗೋಣಿನಾರು ನೆನಸಿ, ಸಣ್ಣಗ ಕತ್ತರಿಸಿ, ಒಣಗಿಸಿ, ಪುಡಿ ಮಾಡಿ ಹುಣಸಿಬೀಜದ ಅಂಟಿನಾಗ ಕಲಸೋ ಕಿಟ್ಟ, ಕಲ್ಲಿನ ಪುಡಿಯಿಂದ ಒಡವಿಗಳ ಉಬ್ಬು ತೆಗಿಯೋದು, ಆಮ್ಯಾಲಿನ ಲಾಜವಾರ ಅನ್ನೋ ಲೇಪದ ಹೊಳಪು, ಪ್ರತಿಯೊಂದನ್ನೂ ಅವರ ಬಾಯಿಂದನ ಕೇಳಿ ಬರಕೊಂಡಿದ್ದು. ಬರದದ್ದನ್ನ ಅವರ ಮುಂದ ಓದಿ, ಅವರು ‘ಹೂಂ’ ಅಂದಮ್ಯಾಲ ಹಾಕಿದ್ದು. ಅವರ ಹೆಸರು, ಅವರಿಗೆ ಕಲಿಸಿದ ತಂದಿ ಹೆಸರು, ಬಣ್ಣ ಹಚ್ಚೋ ಅವರ ಮನಿಯಾಕಿ ಹೆಸರು, ಎಲ್ಲಾ ಅದರಾಗ ಇದ್ದವು.

ಮೊನ್ನೆ ಒಂದು ದೊಡ್ಡ ಪೇಜಿನಾಗ ಅದೇ ಬರಹ ಕಂಡ್ತು. ತಲಿಬರಹ ಅಷ್ಟ ಬ್ಯಾರೆ. ನನ್ನ ಹೆಸರಿಲ್ಲ. ಹಿರಿಯರ ಹೆಸರೂ ಇಲ್ಲ, ‘ಒಬ್ಬ ಕಲಾವಿದರು’ ಅಂತ ಐತಿ. ಕೆಳಗ ‘ಸಂಗ್ರಹ. ಚಿತ್ರಕೃಪೆ: ಅಂತರ್ಜಾಲ’. ಫೋಟೋದ ಮೂಲ್ಯಾಗ ನನ್ನ ಹೆಸರು ಇತ್ತು, ಅದನ್ನ ಕತ್ತರಿಸಿ ತಮ್ಮ ಲೋಗೋ ಕೂಡಿಸ್ಯಾರ. ಕತ್ತರಿಸೋ ಭರದಾಗ ಗರುಡನ ರೆಕ್ಕಿ ತುದಿನೂ ಹೋಗೈತಿ.

ಇಷ್ಟಾದ್ರೂ ತಡಕೋತಿದ್ದೆ. ನಮ್ಮಜ್ಜಿ ಮದುವ್ಯಾಗ ತಂದ ಕಿನ್ನಾಳದ ತೊಟ್ಟಲಾ ಈಗಲೂ ಮನಿ ಅಟ್ಟದ ಮ್ಯಾಲೈತಿ ಅಂತ ಒಂದು ಸಾಲು ಬರ್ದಿದ್ದೆ. ಅದನ್ನೂ ಹಂಗ ಇಟ್ಟಾರ. ಕೆಳಗ ಯಾರೋ ‘ನಿಮ್ಮಜ್ಜಿ ಪುಣ್ಯವಂತರು ಸರ್’ ಅಂತ ಬರದ್ರ, ಪೇಜಿನವರು ಕೈ ಮುಗಿದು ‘ಧನ್ಯವಾದಗಳು’ ಅಂದಾರ. ನಮ್ಮಜ್ಜಿ ತೀರಿಕೊಂಡಾಳ್ರಿ. ಅದನ್ನ ಓದಿದಾಗ ಹೊಟ್ಟ್ಯಾಗ ಹೆಂಗೋ ಆತು.

ಮೆಸೇಜ್ ಮಾಡಿ ಕೇಳ್ದೆ. ‘ವಾಟ್ಸಾಪಿನಾಗ ಬಂದಿತ್ತು, ನಿಮ್ಮದು ಅನ್ನಾಕ ಏನು ಗುರುತು?’ ಅಂದ್ರು. ಏನ್ ಮಾಡ್ಬೇಕು ಹೇಳ್ರಿ. ದುಡ್ಡು ಬ್ಯಾಡ ನನಗ. ಹೆಸರು ಬೇಕು, ಮೊದಲು ಆ ಹಿರಿಯರದ್ದು.

ಗಂಗಾವತಿ ಗದ್ದಿ
ಅಜ್ಜಿ ಹೆಸರಿಗೆ ಬಂದ ಕೈಮುಗಿಯೋದನ್ನೂ ತಾವ ತಗೊಂಡ್ರಲ್ರಿ! ಬಿಡಬ್ಯಾಡ್ರಿ ಅಣ್ಣಾರ.

ಮೋತಿ ಸರ್ಕಲ್
ನಾನು ಸ್ವಲ್ಪ ಬೇರೆ ಮಾತಾಡ್ತೀನಿ, ಬೇಜಾರು ಮಾಡ್ಕೋಬ್ಯಾಡ್ರಿ. ಕಿನ್ನಾಳದ ಗೊಂಬೆ ನಿಮ್ಮ ಸ್ವಂತದ್ದಲ್ಲ, ಇಡೀ ನಾಡಿನದ್ದು. ನಿಮ್ಮ ಪೇಜಿನಲ್ಲಿ ನೂರು ಜನ ಓದ್ತಿದ್ರೇನೋ, ಅಲ್ಲಿ ಸಾವಿರಾರು ಜನ ಓದಿದ್ರು. ಕಲೆಗೆ ಪ್ರಚಾರ ಸಿಕ್ತಲ್ಲ? ನಮ್ಮ ಹಿರಿಯರು ವಿದ್ಯೆ ಹಂಚಿದಷ್ಟೂ ಹೆಚ್ಚುತ್ತೆ ಅಂದಿದ್ದಾರೆ. ಪ್ರತಿಯೊಂದಕ್ಕೂ ನನ್ನದು ನನ್ನದು ಅಂದ್ರೆ ಕನ್ನಡದಲ್ಲಿ ಆನ್‌ಲೈನ್ ಬರಹ ಬೆಳೆಯೋದು ಹೆಂಗೆ?

ಕೋಟಿ ಓಣಿ, ಕೊಪ್ಪಳ
@ಮೋತಿ ಸರ್ಕಲ್ ಅಣ್ಣಾರ, ಹಂಚಾಕ ಅಡ್ಡಿ ಇಲ್ಲ. ಶೇರ್ ಬಟನ್ ಒತ್ತಿದ್ರ ಹೆಸರು ಸಮೇತ ಹೋಗ್ತಿತ್ತು. ಅವರು ಅದನ್ನ ಬಿಟ್ಟು ಕಾಪಿ ಮಾಡಿ, ಹೆಸರು ತೆಗದು, ಫೋಟೋ ಕತ್ತರಿಸಿ ಹಾಕ್ಯಾರ. ಅದಕ್ಕ ಹಂಚಿದ್ದಕ್ಕಿಂತ ಜಾಸ್ತಿ ಕೆಲಸ ಬೇಕಲ್ರಿ? ಪ್ರಚಾರ ಸಿಕ್ಕಿದ್ದು ಯಾರಿಗೆ? ‘ಒಬ್ಬ ಕಲಾವಿದರು’ ಅನ್ನೋರ ಮನಿಗೆ ಗೊಂಬಿ ಕೊಳ್ಳಾಕ ಹೆಂಗ ಹೋಗ್ಬೇಕು ಓದಿದವರು? ನನ್ನ ಬರಹದಾಗ ಅವರ ಹೆಸರು, ಓಣಿ ಎರಡೂ ಇದ್ದವು.

ಕಪ್ಪು ಕೋಟು, ಬಳ್ಳಾರಿ
ಮೋತಿ ಸರ್ಕಲ್ ಅವರ ಮಾತಿನಲ್ಲಿ ಅರ್ಧ ಸರಿ ಇದೆ, ಅದನ್ನು ಬಿಡಿಸಿ ಹೇಳುತ್ತೇನೆ. ಕಿನ್ನಾಳದ ಕಲೆ ಎಂಬ ವಿಷಯದ ಮೇಲೆ ಯಾರಿಗೂ ಹಕ್ಕಿಲ್ಲ. ಯಾರು ಬೇಕಾದರೂ ಹೋಗಿ, ನೋಡಿ, ತಮ್ಮ ಮಾತಿನಲ್ಲಿ ಬರೆಯಬಹುದು. 1978ರಲ್ಲೇ ಸುಪ್ರೀಂ ಕೋರ್ಟು ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನು ಹೇಳಿದೆ: ವಿಚಾರ, ವಸ್ತು, ಇತಿಹಾಸದ ಸಂಗತಿಗಳಿಗೆ ಕೃತಿಸ್ವಾಮ್ಯ (ಕಾಪಿರೈಟ್) ಇಲ್ಲ, ಅದನ್ನು ನಿರೂಪಿಸಿದ ರೀತಿಗೆ ಮಾತ್ರ. ಇಲ್ಲಿ ವಾಕ್ಯಗಳನ್ನೇ ಎತ್ತಿದ್ದಾರೆ, ಅಜ್ಜಿಯ ಸಾಲೂ ಸೇರಿ. ಹಾಗಾಗಿ ವಿಷಯ ಎಲ್ಲರದ್ದು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು, ಪ್ರತಿ ಮಾಡುವ, ಪ್ರಕಟಿಸುವ ಹಕ್ಕು. ಇದನ್ನು ಮಾರಬಹುದು, ಬರೆದುಕೊಡಬಹುದು. ಇನ್ನೊಂದು 57ನೇ ಸೆಕ್ಷನ್, ಲೇಖಕನ ವಿಶೇಷ ಹಕ್ಕು. ‘ಇದು ನಾನು ಮಾಡಿದ್ದು’ ಎಂದು ಹೇಳಿಕೊಳ್ಳುವ ಹಕ್ಕು, ಮತ್ತು ತನ್ನ ಹೆಸರಿಗೆ ಕುಂದು ಬರುವಂತೆ ಕೃತಿಯನ್ನು ಕೆಡಿಸಿದರೆ ಕೇಳುವ ಹಕ್ಕು. ಕೃತಿಸ್ವಾಮ್ಯವನ್ನು ಪೂರ್ತಿ ಮಾರಿದ ಮೇಲೂ ಇದು ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ದುರಸ್ತಿ ಹೊತ್ತಿನಲ್ಲಿ ಕಿತ್ತು ಹಾಳುಮಾಡಿದಾಗ, ಅದು ಸರ್ಕಾರದ ಸ್ವತ್ತೇ ಆಗಿದ್ದರೂ, 2005ರಲ್ಲಿ ದೆಹಲಿ ಹೈಕೋರ್ಟು ಕಲಾವಿದರ ಪರ ತೀರ್ಪು ಕೊಟ್ಟಿತು. ಉಳಿದ ಭಾಗಗಳನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು.

ಸಿಂಧನೂರು ಕೆನಾಲ್
ಅದೆಲ್ಲ ರಿಜಿಸ್ಟರ್ ಮಾಡಿಸಿದ್ರ ಮಾತ್ರ ಅಲ್ಲೇನ್ರಿ? ಇವರು ಮಾಡ್ಸಿಲ್ಲ ಅಂತ ಕಾಣ್ತದ.

ಕಪ್ಪು ಕೋಟು, ಬಳ್ಳಾರಿ
@ಸಿಂಧನೂರು ಕೆನಾಲ್ ಇಲ್ಲ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಕೋರ್ಟಿಗೆ ಹೋದಾಗ ಸಾಕ್ಷಿಯಾಗಿ ನೆರವಾಗುತ್ತದೆ ಅಷ್ಟೆ. ವೃತ್ತದೊಳಗಿನ ‘ಸಿ’ ಗುರುತು ಹಾಕಲೇಬೇಕು ಎಂಬುದೂ ಇಲ್ಲ.

ಇಟಗಿ ಕ್ಯಾಮೆರಾ
ಬರಹಕ್ಕ ಲೇಖಕ ಬದುಕಿರೋತನಕ, ಆಮ್ಯಾಲ 60 ವರ್ಷ. ಫೋಟೋಕ್ಕ ಮಾತ್ರ ಪ್ರಕಟ ಆದಾಗಿಂದ 60 ವರ್ಷ ಅಂತ ಎಲ್ಲೋ ಓದಿದ್ದೆ, ಹೌದೇನ್ರಿ ವಕೀಲರ?

ಕಪ್ಪು ಕೋಟು, ಬಳ್ಳಾರಿ
ಅದು ಹಳೆಯದು. 2012ರ ತಿದ್ದುಪಡಿಯಲ್ಲಿ 25ನೇ ಸೆಕ್ಷನ್ ತೆಗೆದುಹಾಕಿದರು. ಈಗ ಫೋಟೋಕ್ಕೂ ಛಾಯಾಗ್ರಾಹಕನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ.

ಇಟಗಿ ಕ್ಯಾಮೆರಾ
ಧನ್ಯವಾದ್ರಿ. ನನ್ನ ಸಂಕಟಾನೂ ಕೇಳ್ರಿ. ನಾನು ಇಟಗಿ ಮಹಾದೇವ ದೇವಾಲಯ, ಹಿರೇಬೆಣಕಲ್ಲಿನ ಕಲ್ಲುಮನಿಗಳು, ಆನೆಗೊಂದಿ, ಇವುಗಳ ಫೋಟೋ ತಗದು ವಿಕಿಪೀಡಿಯಾದವರ ಫೋಟೋ ಭಂಡಾರ ವಿಕಿಮೀಡಿಯಾ ಕಾಮನ್ಸಿಗೆ ಹಾಕ್ತೀನಿ. ಪುಕ್ಕಟೆ ಹಾಕೋದು, ಯಾರು ಬೇಕಾದ್ರೂ ಬಳಸ್ರಿ ಅಂತನ ಹಾಕೋದು. ಒಂದ ಶರತ್ತು: ತಗದವರ ಹೆಸರು ಮತ್ತು ಲೈಸೆನ್ಸ್ ಹಾಕ್ಬೇಕು, ಏನರ ಬದಲು ಮಾಡಿದ್ರ ಬದಲು ಮಾಡೀವಿ ಅಂತ ಹೇಳ್ಬೇಕು. ರೂಪಾಯಿ ಕೇಳಿಲ್ಲ. ಒಂದು ಸಾಲು ಹೆಸರು, ಅಷ್ಟ.

ಆದ್ರ ಪತ್ರಿಕಿಗಳಾಗ, ಪೋಸ್ಟರಿನಾಗ ‘ಕೃಪೆ: ವಿಕಿಪೀಡಿಯಾ’ ಅಂತ ಬರ್ತೈತಿ. ವಿಕಿಪೀಡಿಯಾ ಬಂದು ಇಟಗಿ ಬಿಸಲಾಗ ನಿಂತಿತ್ತೇನ್ರಿ? 1112ರಾಗ ಆ ಗುಡಿ ಕಟ್ಟಿಸಿದ ದಂಡನಾಯಕ ಮಹಾದೇವ ಶಾಸನದಾಗ ತನ್ನ ಹೆಸರು ಬರಸ್ಯಾನ. ಒಂಬೈನೂರು ವರ್ಷ ಆದಮ್ಯಾಲೂ ನಾವು ಅವನ ಹೆಸರು ಹೇಳ್ತೀವಿ. ನಿನ್ನೆ ಫೋಟೋ ತಗದವನ ಹೆಸರು ಹಾಕಾಕ ಜಾಗ ಇಲ್ಲ ಅಂತಾರ.

ಮುದಗಲ್ ಅಲಾಯಿ
ಈ ವಿಷ್ಯ ಬಂದದ್ದಕ್ಕ ನಾನೂ ಒಂದು ಹೇಳ್ತೀನಿ. ನಮ್ಮಲ್ಲಿ ಮೊಹರಂ ಅಂದ್ರ ಏನು ಅಂತ ನಿಮಗೆಲ್ಲ ಗೊತ್ತದ. ಹತ್ತು ದಿನ ಊರಿಗೆ ಊರ ಎದ್ದು ಕುಂತಿರ್ತದ. ಆವಾಗ ಹಾಡೋ ರಿವಾಯತ್ ಪದಗಳನ್ನ ನಮ್ಮ ಮಾವ ಕಟ್ಟತಿದ್ದ. ಸಾಲಿ ಕಲಿತವ ಅಲ್ಲ. ಬಾಯಾಗ ಕಟ್ಟಿ, ಹುಡುಗರ ಕಡಿಂದ ನೋಟ್‌ಬುಕ್ಕಿನಾಗ ಬರಸ್ತಿದ್ದ.

ರಿವಾಯತಿನ ಪದ್ಧತಿ ಹೆಂಗದ ಅಂದ್ರ, ಕಡೀ ನುಡ್ಯಾಗ ಊರ ಹೆಸರು, ಗುರುವಿನ ಹೆಸರು, ಪದ ಕಟ್ಟಿದವನ ಹೆಸರು ಬರಬೇಕು. ಭಜನಿ ಪದ, ಲಾವಣಿ ಎಲ್ಲಾದಕ್ಕೂ ನಮ್ಮ ಕಡಿ ಹಂಗ ಅದ. ಕೇಳೋರು ಕಡೀ ನುಡಿ ಬಂದ ಕೂಡ್ಲೆ ಕಿವಿ ನಿಮಿರಿಸ್ತಾರ, ಯಾವೂರಿನ ಪದ ಇದು ಅಂತ.

ನಮ್ಮ ಮಾವನ ಒಂದು ಪದ ಈಗ ಯೂಟ್ಯೂಬಿನಾಗ ಅದ. ಹಾಡಿದವ ಬ್ಯಾರೆ ಊರಿನವ. ರಾಗ ಅದೇ, ನುಡಿ ಅವೇ. ಕಡೀ ನುಡ್ಯಾಗ ನಮ್ಮೂರಿನ ಹೆಸರು ತಗದು ತನ್ನ ಊರ ಹೆಸರು ಕೂಡಿಸ್ಯಾನ, ಮಾವನ ಹೆಸರಿನ ಜಾಗದಾಗ ತನ್ನ ಹೆಸರು. ನಮ್ಮೂರಿನ ಹೆಸರು ಮೂರಕ್ಷರ, ಅವರದ್ದು ಐದಕ್ಷರ. ಅಲ್ಲಿ ತಾಳ ತಪ್ಪತದ. ಹಲಗಿ ಒಂದು ಪೆಟ್ಟು ಹಿಂದ ಬೀಳ್ತದ. ನಮ್ಮೂರಾಗ ಸಣ್ಣ ಹುಡುಗರೂ ಅದನ್ನ ಕೇಳಿ ‘ಮಾವಂದ ಪದ ಮುರದಾನ’ ಅಂತ ಹೇಳ್ತಾರ. ಆ ತಾಳ ತಪ್ಪಿದ್ದ ಗುರುತು ನಮಗ.

ಕುಕನೂರು ಸಂತಿ
ಅಬ್ಬಾ! ಓದಿ ಮೈ ಜುಮ್ ಅಂತು.

ಮೋತಿ ಸರ್ಕಲ್
@ಮುದಗಲ್ ಅಲಾಯಿ ಇದು ನಿಜವಾಗ್ಲೂ ಅನ್ಯಾಯ. ನಾನು ಹಂಚೋದರ ಬಗ್ಗೆ ಹೇಳಿದ್ದು, ಊರ ಹೆಸರು ಅಳಿಸೋದರ ಬಗ್ಗೆ ಅಲ್ಲ. ನಿಮ್ಮ ಮಾವನ ನೋಟ್‌ಬುಕ್ ಇನ್ನೂ ಇದೆಯಾ?

ಮುದಗಲ್ ಅಲಾಯಿ
ಅದ ಸರ್. ಅರ್ಧ ಗೆದ್ದಲ ಹಿಡದದ. ಉಳದದ್ದನ್ನ ಫೋಟೋ ಹೊಡದು ಇಡಾಕತ್ತೀವಿ.

ಮಾನ್ವಿ ಮಾಸ್ತರು
ಮುದಗಲ್ಲಿನ ತಮ್ಮ ಹೇಳಿದ್ದು ನಮ್ಮ ರಾಯಚೂರು ಸೀಮೆಗೆ ಹೊಸದಲ್ಲ. ಇದು ದಾಸರ ನಾಡು. ಚೀಕಲಪರ್ವಿಯ ವಿಜಯದಾಸರು ‘ವಿಜಯವಿಠಲ’, ಬ್ಯಾಗವಾಟದ ಜಗನ್ನಾಥದಾಸರು ‘ಜಗನ್ನಾಥವಿಠಲ’ ಅಂತ ಪದದ ಕೊನೆಗೆ ಅಂಕಿತ ಇಟ್ಟರು. ಅದು ಅವರ ಕಾಲದ ಕೃತಿಸ್ವಾಮ್ಯ ಇದ್ದಂತೆ. ಅಂಕಿತ ಬಿಟ್ಟು ಹಾಡಿದರೆ ಹಿರಿಯರು ಅಲ್ಲೇ ತಡೆದು ‘ಪೂರ್ತಿ ಹಾಡು’ ಅಂತಿದ್ದರು. ಈಗ ರೀಲ್ಸ್‌ನಲ್ಲಿ ಪಲ್ಲವಿ ಹಾಡಿ ನಿಲ್ಲಿಸುತ್ತಾರೆ. ಯಾರ ಪದ ಅಂತ ಹೇಳುವ ಸಾಲೇ ಬರುವುದಿಲ್ಲ.

ತಾಳೆಗರಿ
ಮಾಸ್ತರ್ರ, ಸಣ್ಣ ತಿದ್ದುಪಡಿ. ಅಂಕಿತವನ್ನ ಕೃತಿಸ್ವಾಮ್ಯ ಅನ್ನೋದು ಸರಿ ಹೋಗಲ್ಲ. ದಾಸರಿಗೆ ಅಂಕಿತ ಗುರುಗಳಿಂದ ಬರೋದು, ಅದು ದೇವರ ಹೆಸರು. ನನ್ನದು ಅನ್ನೋದನ್ನ ಬಿಡಾಕ ಇಟ್ಟದ್ದು, ಹಿಡಕೊಳ್ಳಾಕಲ್ಲ. ಯಾರಾದ್ರೂ ಹಾಡಲಿ, ಬರಕೊಳ್ಳಲಿ ಅನ್ನೋದ ಅವರ ಆಸೆ. ಆದ್ರ ಯಾರ ಪದ ಯಾವುದು ಅಂತ ಗುರುತು ಹಚ್ಚಾಕ ಇವತ್ತು ನಮಗ ಅದ ಆಧಾರ, ಅದು ಖರೆ. ಓಲೆಗರಿ ಪ್ರತಿ ಮಾಡೋವಾಗ ಅಂಕಿತ ಅದಲಿ ಬದಲಿ ಆದ ಪದಗಳೂ, ವಚನಗಳೂ ಅದಾವ. ಒಂದು ಪದದ ಕರ್ತೃ ಯಾರು ಅಂತ ತೀರ್ಮಾನ ಮಾಡಾಕ ಸಂಪಾದಕರು ಹಲವು ಪ್ರತಿ ಮುಂದಿಟ್ಟುಕೊಂಡು ವರ್ಷಗಟ್ಟಲೆ ಕಣ್ಣು ಸವಸ್ಯಾರ.

ಈಗ ವಾಟ್ಸಾಪಿನಾಗ ಯಾರೋ ಬರದ ನಾಲ್ಕು ಸಾಲಿಗೆ ಬಸವಣ್ಣನವರ ಫೋಟೋ ಹಚ್ಚಿ ಬಿಡ್ತಾರ. ಇದು ಕಳವಿನ ಇನ್ನೊಂದು ಮುಖ. ಮಂದಿದು ತನ್ನದು ಅನ್ನೋದು ಒಂದಾದ್ರ, ತನ್ನದನ್ನ ದೊಡ್ಡವರದು ಅನ್ನೋದು ಇನ್ನೊಂದು. ಎರಡರಾಗೂ ಓದೋನಿಗೆ ಸುಳ್ಳು ಮುಟ್ಟತದ.

ಮಾನ್ವಿ ಮಾಸ್ತರು
ಒಪ್ಪಿದೆ ತಾಳೆಗರಿ ಅವರೆ. ನೀವು ಹೇಳಿದ್ದು ಹೆಚ್ಚು ಸರಿ. ತರಗತಿಯಲ್ಲೂ ಹಾಗೇ ಹೇಳುತ್ತೇನೆ.

ಕೌಲ್ ಬಜಾರ್ ಫ್ಲೆಕ್ಸ್
ನಾನು ಬಳ್ಳಾರಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡೋನು. ನಮ್ಮ ಕಡೆಯಿಂದಾನೂ ಸ್ವಲ್ಪ ಕೇಳ್ರಪ್ಪಾ. ಗಿರಾಕಿ ಬರ್ತಾನೆ, ಮೊಬೈಲ್ ತೋರಿಸ್ತಾನೆ, ‘ಇದೇ ಡಿಸೈನ್ ಬೇಕು, ನನ್ನ ಫೋಟೋ ಹಾಕು, ಸಾಯಂಕಾಲಕ್ಕೆ ಕಟ್ಟಬೇಕು’ ಅಂತಾನೆ. ಅದು ಯಾರ ಡಿಸೈನ್ ಅಂತ ಹುಡುಕಾಕೆ ಟೈಮ್ ಎಲ್ಲೈತೆ? ಚದರಡಿ ಲೆಕ್ಕದಲ್ಲಿ ಪ್ರಿಂಟಿಗೆ ದುಡ್ಡು ಕೊಡ್ತಾರೆ, ಡಿಸೈನಿಗೆ ಬೇರೆ ಕೇಳಿದ್ರೆ ‘ಕಂಪ್ಯೂಟರ್ ಮಾಡುತ್ತಲ್ಲ’ ಅಂತಾರೆ.

ಆದ್ರೆ ನನ್ನ ಹೊಟ್ಟೆ ಉರಿದದ್ದೂ ಐತೆ. ಒಂದು ಜಾತ್ರೆಗೆ ತೇರಿನ ಚಿತ್ರ ಕೈಯಿಂದ ಬಿಡಿಸಿದ್ದೆ. ಕಳಸದಿಂದ ಗಾಲಿತನಕ, ಹಗ್ಗದ ಹುರಿ ಸಮೇತ, ರಾತ್ರಿಯೆಲ್ಲ ಕೂತು. ಮುಂದಿನ ವರ್ಷ ಮೂರ್ನಾಲ್ಕು ಊರಿನ ಬ್ಯಾನರಿನಲ್ಲಿ ಅದೇ ತೇರು. ಹಗ್ಗದ ಹುರಿ ಒಂದು ಕಡೆ ಉಲ್ಟಾ ತಿರುವಿದ್ದೆ, ಅದೂ ಹಂಗೇ ಇತ್ತು. ಯಾರನ್ನ ಕೇಳೋದು? ಎಲ್ಲಾರೂ ‘ಗೂಗಲ್‌ದಾಗ ಸಿಕ್ತು’ ಅಂತಾರೆ.

ಇಟಗಿ ಕ್ಯಾಮೆರಾ
‘ಗೂಗಲ್‌ದಾಗ ಸಿಕ್ತು’ ಅನ್ನೋದು, ‘ರಸ್ತ್ಯಾಗ ನಿಲ್ಲಿಸಿದ್ದ ಸೈಕಲ್ ಸಿಕ್ತು’ ಅಂದಂಗ ಅಣ್ಣಾರ. ಗೂಗಲ್ ತೋರಸ್ತೈತಿ, ಕೊಡೂದಿಲ್ಲ.

ಗಂಗಾವತಿ ಗದ್ದಿ
ಒಂದು ಡೌಟ್. ನಮ್ಮ ತಮ್ಮ ಮದುವಿ ಫೋಟೋ ತಗಿತಾನ. ಅವ ತಗದ ಮದುಮಕ್ಕಳ ಫೋಟೋ ಯಾರದು? ಅವಂದ ಅಥವಾ ದುಡ್ಡು ಕೊಟ್ಟವರದ? ಹೋದ ಸಲ ಒಬ್ಬರು ‘ನಮ್ಮ ಫೋಟೋ ನಿಮ್ಮ ಇನ್‌ಸ್ಟಾದಾಗ ಯಾಕ ಹಾಕಿದಿ’ ಅಂತ ಜಗಳಕ್ಕ ಬಂದಿದ್ರು.

ಕಪ್ಪು ಕೋಟು, ಬಳ್ಳಾರಿ
ಒಳ್ಳೆಯ ಪ್ರಶ್ನೆ. 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ನಿಮ್ಮ ತಮ್ಮ ಬುಕಿಂಗ್ ರಸೀದಿಯಲ್ಲೇ ‘ಕೆಲವು ಫೋಟೋ ನಮ್ಮ ಪುಟದಲ್ಲಿ ಹಾಕುತ್ತೇವೆ, ಒಪ್ಪಿಗೆ ಇದೆ’ ಎಂದು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಲಿ. ಅದೇ ಹೊತ್ತಿಗೆ ಮದುವೆ ಮನೆಯವರು ಅದನ್ನು ಬೇರೆ ಕಡೆ ಹಾಕುವಾಗ ತೆಗೆದವರು ಯಾರು ಎಂದು ಕೇಳಿದರೆ ಹೇಳಬೇಕಾದ ಹೆಸರು ನಿಮ್ಮ ತಮ್ಮನದೇ, 57ನೇ ಸೆಕ್ಷನ್ ಅಲ್ಲಿಗೂ ಬರುತ್ತದೆ.

ಗಂಗಾವತಿ ಗದ್ದಿ
ಈಗ ತಿಳೀತ್ರಿ. ಇವತ್ತ ರಸೀದಿ ಬುಕ್ ಹೊಸದು ಹೊಡಸ್ತೀವಿ.

ಕಿನ್ನಾಳ ಓಣಿ ಹುಡುಗ
ನಾನು ಕಿನ್ನಾಳದವ, ಚಿತ್ರಗಾರರ ಮನಿತನದವ. ಇಷ್ಟೊತ್ತು ಓದಿ ಸುಮ್ಮನ ಇದ್ದೆ.

ಅಣ್ಣಾರ, ನೀವು ಬರದ ಲೇಖನ ನಮ್ಮ ಓಣ್ಯಾಗ ಓದೀವಿ. ಹೆಸರು ಹಾಕಿದ್ರಿ, ಅದಕ್ಕ ನಮಗ ಸಂತೋಷ ಆಗಿತ್ತು. ಯಾಕಂದ್ರ ಭಾಳ ಮಂದಿ ಹಾಕೂದಿಲ್ಲ. ಬರ್ತಾರ, ಚಾ ಕುಡಿತಾರ, ‘ಹಿಂಗ ಕುಂದ್ರಿ, ಕುಂಚ ಹಿಡೀರಿ, ನಗ್ರಿ’ ಅಂತಾರ, ಫೋಟೋ ಹೊಡಕೊಂಡು ಹೋಗ್ತಾರ. ಆಮ್ಯಾಲ ಆ ಫೋಟೋ ಯಾವುದೋ ಪ್ರದರ್ಶನದಾಗ ಬರ್ತೈತಿ. ಕೆಳಗ ಫೋಟೋಗ್ರಾಫರ್ ಹೆಸರು ದೊಡ್ಡದಾಗಿ. ಫೋಟೋದಾಗ ಇರೋ ನಮ್ಮ ದೊಡ್ಡಪ್ಪನ ಹೆಸರು ಇಲ್ಲ. ‘ಕಿನ್ನಾಳ ಕುಶಲಕರ್ಮಿ’ ಅಂತ. ಅವನಿಗೆ ಹೆಸರಿಲ್ಲೇನ್ರಿ? ಗೊಂಬಿ ಮಾಡಿದವ ಅವ. ಫೋಟೋ ತಗದವನ ಹೆಸರಿಗೆ ಇಷ್ಟು ಮಾತಾಡೋರು ಗೊಂಬಿ ಮಾಡಿದವನ ಹೆಸರಿಗೂ ಅಷ್ಟ ಮಾತಾಡ್ಬೇಕು.

ಇನ್ನೊಂದು. ಆನ್‌ಲೈನಿನಾಗ ‘ಕಿನ್ನಾಳ ಗೊಂಬೆ’ ಅಂತ ಹುಡಕ್ರಿ. ಅಚ್ಚಿನಾಗ ಹಾಕಿ ತಗದ ಫೈಬರ್ ಗೊಂಬಿ ಬರ್ತಾವ. ಕಟ್ಟಿಗಿ ಇಲ್ಲ, ಕಿಟ್ಟ ಇಲ್ಲ, ಸ್ಪ್ರೇ ಬಣ್ಣ. ಹಾಕಿರೋ ಫೋಟೋ ಮಾತ್ರ ನಮ್ಮ ಓಣಿದು. ಕೊಂಡವರು ಗೊಂಬಿ ಬಂದಮ್ಯಾಲ ‘ಕಿನ್ನಾಳದ್ದು ಇಷ್ಟನಾ’ ಅಂತಾರ. ಕಿನ್ನಾಳಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಐತಿ. ಬ್ಯಾರೆ ಕಡಿ ಮಾಡಿದ್ದನ್ನ ಆ ಹೆಸರಿನ ಮ್ಯಾಲ ಮಾರೋ ಹಂಗಿಲ್ಲ. ಆದ್ರ ಯಾರು ಹೋಗಿ ಹಿಡಿಯೋರು? ನಾವು ಗೊಂಬಿ ಮಾಡೋಣೋ, ಫೋನ್ ಹಿಡಕೊಂಡು ಇದನ್ನ ಹುಡುಕೋಣೋ?

ಇಟಗಿ ಕ್ಯಾಮೆರಾ
ಇದು ನನಗೂ ತಟ್ತು. ಇನ್ನ ಮುಂದ ಕೈಕೆಲಸದ ಫೋಟೋ ಹಾಕೋವಾಗ ಮಾಡಿದವರ ಹೆಸರು ಮೊದಲು, ತಗದವನದ್ದು ಆಮ್ಯಾಲ. ಕಾಮನ್ಸಿನಾಗ ವಿವರಣೆ ಬರಿಯಾಕ ಬೇಕಾದಷ್ಟು ಜಾಗ ಐತಿ. ಅವರನ್ನ ಕೇಳಿ, ಅವರು ಒಪ್ಪಿದ್ರ.

ತಾಳೆಗರಿ
@ಕಿನ್ನಾಳ ಓಣಿ ಹುಡುಗ ತಮ್ಮಾ, 1999ರ ಭೌಗೋಳಿಕ ಸೂಚಕ ಕಾಯ್ದೆದಾಗ ‘ಅಧಿಕೃತ ಬಳಕೆದಾರ’ ಅಂತ ಹೆಸರು ನೋಂದಾಯಿಸೋ ಅವಕಾಶ ಅದ. ನಿಮ್ಮ ಮನಿತನದವರ ಹೆಸರು ಅದರಾಗ ಅದಾವೋ ಇಲ್ಲೋ ಮೊದಲು ನೋಡ್ರಿ. ಇದ್ರ ದೂರು ಕೊಡೋ ಮಾತಿಗೆ ತೂಕ ಬರ್ತದ.

ಹೊಸ ಬಸ್‌ಸ್ಟ್ಯಾಂಡ್
ಓದಿ ಹೇಳೋ ಚಾನಲ್‌ಗಳ ಕಥಿ ಏನು? ನನ್ನ ಒಂದು ಲೇಖನ ಎಐ ದನಿಯಾಗ ಓದಿಸಿ ವಿಡಿಯೊ ಮಾಡ್ಯಾರ. ಹಿಂದ ಎಐ ಮಾಡಿದ ಚಿತ್ರ. ಗವಿಮಠದ ಜಾತ್ರಿ ಅಂತ ಹಾಕ್ಯಾರ, ಚಿತ್ರದಾಗಿನ ತೇರು ನೋಡಿದ್ರ ನಮ್ಮ ನಾಡಿಂದ ಅಲ್ಲವ ಅಲ್ಲ. ಹೊರಗಿನವರು ಅದನ್ನ ಖರೇ ಅಂತ ನಂಬ್ತಾರ.

ಕುಷ್ಟಗಿ ಅಕ್ಕ
ಗವಿಮಠದ ಜಾತ್ರಿ ಅಂದಕೂಡ್ಲೆ ದಾಸೋಹದ ರೊಟ್ಟಿ, ಮಾದ್ಲಿ ನೆನಪಾತು ನೋಡ್ರಿ. ಊರೂರಿನಿಂದ ಚೀಲಗಟ್ಟಲೆ ರೊಟ್ಟಿ ಬರ್ತಾವ. ಅದನ್ನ ಯಾವ ಎಐ ಬಿಡಿಸ್ತೈತಿ!

ವಿಷಯಕ್ಕ ಬರ್ತೀನಿ. ನಾನು ಸಾಲಿ ಟೀಚರ್. ಮಕ್ಕಳಿಗೆ ಪ್ರಾಜೆಕ್ಟ್ ಕೊಟ್ರ ಸೈಬರ್ ಸೆಂಟರಿಗೆ ಹೋಗಿ ಪ್ರಿಂಟ್ ತಗೊಂಡು ಬರ್ತಾರ, ಕೆಳಗ ತಮ್ಮ ಹೆಸರು. ಬೈದ್ರ ಏನೂ ಆಗಲಿಲ್ಲ. ಈಗ ಬ್ಯಾರೆ ಮಾಡೀನಿ. ‘ನಿಮ್ಮ ಓಣ್ಯಾಗ ಹಾಡು ಬರೋರ ಹತ್ರ ಹೋಗಿ ಒಂದು ಬೀಸೋ ಪದ ಕೇಳಿ ಬರಕೊಂಡು ಬರ್ರಿ, ಹೇಳಿದವರ ಹೆಸರು, ಅವರು ಯಾರಿಂದ ಕಲಿತ್ರು ಎರಡೂ ಬರೀರಿ, ಅದಕ್ಕೂ ಅಂಕ ಐತಿ’ ಅಂತ. ಒಂದು ಹುಡುಗಿ ತನ್ನ ಮುತ್ತಜ್ಜಿ ಹೆಸರು ಮೊದಲ ಸಲ ತಿಳಕೊಂಡು ಬಂದ್ಳು. ಸಣ್ಣವರಿದ್ದಾಗ ಹೆಸರು ಕೇಳೋದು ರೂಢಿ ಆದ್ರ ದೊಡ್ಡವರಾದ ಮ್ಯಾಲ ‘ಸಂಗ್ರಹ’ ಅಂತ ಬರಿಯೂದಿಲ್ಲ.

ಮೋತಿ ಸರ್ಕಲ್
ಅಕ್ಕಾರೆ, ಬಹಳ ಒಳ್ಳೆ ಕೆಲಸ. ಆದ್ರೂ ನನ್ನ ಒಂದು ಪ್ರಶ್ನೆ ಉಳಿದಿದೆ. ನಿಜವಾಗ್ಲೂ ಬರೆದವರು ಯಾರು ಅಂತ ಗೊತ್ತಾಗದಿದ್ರೆ? ಒಳ್ಳೆ ಬರಹ, ನಾಲ್ಕು ಜನಕ್ಕೆ ಮುಟ್ಟಲಿ ಅನ್ನಿಸುತ್ತೆ. ಆಗ ‘ಸಂಗ್ರಹ’ ಅನ್ನದೆ ಏನು ಅನ್ನೋದು?

ತಾಳೆಗರಿ
ಹುಡುಕ್ರಿ ಮೊದಲು. ಬರಹದಾಗಿನ ಒಂದು ಅಪರೂಪದ ವಾಕ್ಯ ತಗೊಂಡು ಉದ್ಧರಣ ಚಿಹ್ನಿಯೊಳಗ ಹಾಕಿ ಹುಡುಕಿದ್ರ ಎಷ್ಟೋ ಸಲ ಮೂಲ ಸಿಗ್ತದ. ಫೋಟೋ ಆದ್ರ ಗೂಗಲ್ ಲೆನ್ಸ್ ಅದ. ಆದ್ರೂ ಸಿಗದಿದ್ರ, ‘ಬರೆದವರು ಯಾರೆಂದು ತಿಳಿದಿಲ್ಲ, ಇಂಥ ಗುಂಪಿನಲ್ಲಿ ಬಂತು, ಗೊತ್ತಿದ್ದವರು ತಿಳಿಸಿ’ ಅಂತ ಬರೀರಿ. ಅದು ಪ್ರಾಮಾಣಿಕ. ಯಾರಾದ್ರೂ ಬಂದು ಹೇಳಿದಾಗ ತಿದ್ದರಿ. ಇದ್ದಷ್ಟನ್ನ ಪೂರ್ತಿ ಹಾಕೋ ಬದಲು ಒಂದೆರಡು ಸಾಲು ಹಾಕಿ ಉಳಿದದ್ದಕ್ಕ ಲಿಂಕ್ ಕೊಟ್ರ ಇನ್ನೂ ಚೊಲೊ.

ಮೋತಿ ಸರ್ಕಲ್
ಇದನ್ನ ಒಪ್ತೀನಿ.

ಕಪ್ಪು ಕೋಟು, ಬಳ್ಳಾರಿ
ಈಗ ಮೂಲ ಪ್ರಶ್ನೆಗೆ. ಕೋಟಿ ಓಣಿ ಅವರೆ, ಮೊದಲ ಕೆಲಸ ಸಾಕ್ಷಿ ಹಿಡಿದಿಡುವುದು. ಆ ಪೇಜಿನ ಪೋಸ್ಟನ್ನು ದಿನಾಂಕ, ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಲಿಂಕ್ ಎಲ್ಲರಿಗೂ ತೆರೆಯುವಂತಿದ್ದರೆ, ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನಿನಲ್ಲಿ ಉಳಿಸಿ. ಅಜ್ಜಿಯ ಕಾಮೆಂಟ್ ಮತ್ತು ಅವರ ‘ಧನ್ಯವಾದಗಳು’ ಕೂಡ ಬೇಕು, ಅದು ಅವರೇ ಲೇಖಕರಂತೆ ನಡೆದುಕೊಂಡದ್ದಕ್ಕೆ ಗುರುತು. ನಿಮ್ಮ ಕ್ಯಾಮೆರಾದ ಮೂಲ ಫೈಲ್ ಕಾಪಾಡಿ. ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೋದಲ್ಲಿ ತೆಗೆದ ದಿನ, ಕ್ಯಾಮೆರಾದ ವಿವರ ಅಳಿಸಿಹೋಗುತ್ತದೆ. ಮೂಲ ಫೈಲಿನಲ್ಲಿ ಅವು ಉಳಿದಿರುತ್ತವೆ. ಕತ್ತರಿಸದ ಪೂರ್ತಿ ರೆಕ್ಕೆ ನಿಮ್ಮ ಹತ್ತಿರ ಮಾತ್ರ ಇದೆ. ‘ಏನು ಗುರುತು’ ಎಂದವರಿಗೆ ಅದಕ್ಕಿಂತ ಬೇರೆ ಉತ್ತರ ಬೇಡ.

ಆಮೇಲೆ ಅವರಿಗೆ ಒಂದು ಸೌಮ್ಯವಾದ ಪತ್ರ: ಇಂಥ ದಿನದೊಳಗೆ ಹೆಸರು, ಲಿಂಕ್ ಹಾಕಿ ಅಥವಾ ತೆಗೆಯಿರಿ ಎಂದು. ಕೇಳದಿದ್ದರೆ ಆ ಜಾಲತಾಣದ ಕಾಪಿರೈಟ್ ದೂರಿನ ಫಾರ್ಮ್ ತುಂಬಿ. ನಮ್ಮ 2013ರ ಕೃತಿಸ್ವಾಮ್ಯ ನಿಯಮಗಳಲ್ಲಿ 75ನೇ ನಿಯಮ ಇದೆ. ಸರಿಯಾದ ದೂರು ಬಂದರೆ ಜಾಲತಾಣದವರು 36 ಗಂಟೆಯೊಳಗೆ ಅದನ್ನು ಜನರಿಗೆ ಕಾಣದಂತೆ ಮಾಡಬೇಕು. ಕೋರ್ಟಿನ ಆದೇಶ ತರದಿದ್ದರೆ 21 ದಿನದ ಮೇಲೆ ಮತ್ತೆ ತೆರೆಯಬಹುದು. ಯೂಟ್ಯೂಬಿನಲ್ಲಿ ಬೇರೆ ಪದ್ಧತಿ. 90 ದಿನಗಳೊಳಗೆ ಮೂರು ಸ್ಟ್ರೈಕ್ (ಕಾಪಿರೈಟ್ ಎಚ್ಚರಿಕೆ) ಬಿದ್ದರೆ ಚಾನಲ್ಲೇ ಹೋಗುತ್ತದೆ, ಆದ್ದರಿಂದ ಅಲ್ಲಿ ಬೇಗ ಎಚ್ಚರಾಗುತ್ತಾರೆ. ಸುಳ್ಳು ದೂರು ಕೊಟ್ಟರೆ ಅದು ನಿಮ್ಮ ಕೊರಳಿಗೇ ಬರುತ್ತದೆ, ಖಚಿತ ಇದ್ದಲ್ಲಿ ಮಾತ್ರ ಕೊಡಿ.

ದಾವೆ ಹೂಡುವುದು ಕೊನೆಯ ದಾರಿ. ಅದಕ್ಕೆ ಬೆಂಗಳೂರಿಗೆ ಅಲೆಯಬೇಕಿಲ್ಲ. 62ನೇ ಸೆಕ್ಷನ್ ಪ್ರಕಾರ ನೀವು ವಾಸ ಇರುವ ಕೊಪ್ಪಳದ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ಬೇಕೆಂದೇ ಮಾಡಿದ ಉಲ್ಲಂಘನೆಗೆ 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಹಣ ಗಳಿಕೆಗೆ ಮಾಡಿದ್ದಲ್ಲ ಎಂದಾದರೆ ಕೋರ್ಟು ಕಡಿಮೆ ಮಾಡಬಹುದು. ಪತ್ರದಲ್ಲಿ ಈ ಸೆಕ್ಷನ್ನುಗಳ ಸಂಖ್ಯೆ ಇದ್ದರೆ ಬಹಳ ಮಂದಿ ಅಲ್ಲೇ ಹಾದಿಗೆ ಬರುತ್ತಾರೆ.

ಮುದಗಲ್ ಅಲಾಯಿ
ವಕೀಲರ, ನಮ್ಮ ಮಾವನ ಪದಕ್ಕೂ ಇದು ನಡಿತದೇನ್ರಿ? ಮಾವ ಈಗ ಇಲ್ಲ.

ಕಪ್ಪು ಕೋಟು, ಬಳ್ಳಾರಿ
ನಡೆಯುತ್ತದೆ. ತೀರಿದ ಮೇಲೂ 60 ವರ್ಷ ಹಕ್ಕು ವಾರಸುದಾರರದು. ಅತ್ತೆ, ಮಕ್ಕಳು ಇದ್ದರೆ ಅವರ ಹೆಸರಿನಲ್ಲೇ ದೂರು ಹೋಗಲಿ. ನೋಟ್‌ಬುಕ್ಕಿನ ಪುಟ, ಯಾವ ಹುಡುಗ ಬರೆದುಕೊಂಡಿದ್ದ ಎಂಬುದು, ಹಳೆಯ ರೆಕಾರ್ಡಿಂಗ್ ಏನಾದರೂ ಇದ್ದರೆ ಅದು, ಎಲ್ಲ ಒಟ್ಟುಮಾಡಿ.

ಮುದಗಲ್ ಅಲಾಯಿ
ಒಂದು ಕ್ಯಾಸೆಟ್ ಅದ. ಮೊಹರಂದಾಗ ಅಲಾಯಿ ಕುಣಿಯೋವಾಗ ಹಿಡದದ್ದು. ಹುಡುಕಸ್ತೀನಿ.

ಕೌಲ್ ಬಜಾರ್ ಫ್ಲೆಕ್ಸ್
ಆ ಕ್ಯಾಸೆಟ್ ಕಂಪ್ಯೂಟರಿಗೆ ಏರಿಸಬೇಕು ಅಂದ್ರೆ ನನ್ನ ಅಂಗಡಿಗೆ ತಗೊಂಡು ಬಾ ತಮ್ಮಾ. ಹಳೇ ಟೇಪ್ ರೆಕಾರ್ಡರ್ ಐತೆ, ವೈರ್ ಐತೆ. ದುಡ್ಡು ಬೇಡ. ಮತ್ತೆ ನಾನು ಒಂದು ಮಾಡ್ತೀನಿ, ಇನ್ಮೇಲೆ ಗಿರಾಕಿ ತಂದ ಡಿಸೈನಿನಲ್ಲಿ ಹೆಸರಿದ್ರೆ ಅದನ್ನ ಅಳಿಸಿಕೊಡಲ್ಲ. ಬೇಕಾದ್ರೆ ಬೇರೆ ಅಂಗಡಿಗೆ ಹೋಗಲಿ.

ಸಿಂಧನೂರು ಕೆನಾಲ್
ಕೋಟಿ ಓಣಿ ಅಣ್ಣಾರ, ಆ ಪೇಜಿನ ಲಿಂಕ್ ಇಲ್ಲಿ ಹಾಕ್ರಿ. ಎಲ್ಲಾರೂ ಹೋಗಿ ಕಾಮೆಂಟ್ ಹಾಕೂಣು.

ಕೋಟಿ ಓಣಿ, ಕೊಪ್ಪಳ
ಬ್ಯಾಡ್ರಿ, ಲಿಂಕ್ ಹಾಕೂದಿಲ್ಲ. ಗುಂಪು ಕಟ್ಟಿಕೊಂಡು ಹೋಗಿ ಬೈದ್ರ ಅವರು ಬ್ಲಾಕ್ ಮಾಡ್ತಾರ, ಮಾತು ಅಲ್ಲಿಗೆ ನಿಲ್ತೈತಿ.

ನಿನ್ನೆ ರಾತ್ರಿ ವಕೀಲರು ಹೇಳಿದಂಗ ಮಾಡ್ದೆ. ಕತ್ತರಿಸದ ಫೋಟೋ, ಅವರು ಹಾಕಿದ್ದು ಎರಡೂ ಜೋಡಿಸಿ, ಸೆಕ್ಷನ್ ನಂಬರ್ ಬರದು ಕಳಿಸ್ದೆ. ಮುಂಜಾನಿ ಉತ್ತರ ಬಂತು. ಮೊದಲು ‘ಕಾಮೆಂಟಿನಾಗ ನಿಮ್ಮ ಹೆಸರು ಹಾಕ್ತೀವಿ’ ಅಂದ್ರು. ಕಾಮೆಂಟಿನಾಗ ಯಾರು ನೋಡ್ತಾರ, ಬರಹದ ಮೊದಲ ಸಾಲಿನಾಗ ಬರ್ಬೇಕು ಅಂದೆ. ಒಪ್ಪಿ ಹಾಕ್ಯಾರ. ಅಜ್ಜಿ ಸಾಲು ತೆಗಿಸಿದೆ, ಅದು ನಮ್ಮ ಮನಿದು. ‘ಒಬ್ಬ ಕಲಾವಿದರು’ ಅನ್ನೋ ಕಡಿ ಹಿರಿಯರ ಹೆಸರು ಬಂದೈತಿ, ಆದ್ರ ಇನಿಶಿಯಲ್ ತಪ್ಪಾಗೈತಿ. ತಂದಿ ಹೆಸರಿನ ಇನಿಶಿಯಲ್ ಅದು. ತಿದ್ದಾಕ ಇನ್ನೊಮ್ಮೆ ಬರ್ದೀನಿ. ಫೋಟೋ ಇನ್ನೂ ಅದೇ ಕತ್ತರಿಸಿದ್ದ ಐತಿ, ಪೂರ್ತಿದು ಕಳಿಸ್ರಿ ಅಂದಾರ.

ಕಿನ್ನಾಳ ಓಣಿ ಹುಡುಗ
ಕಳಿಸೋದ್ರಾಗ ಸ್ವಲ್ಪ ತಡೀರಿ ಅಣ್ಣಾರ. ನಾನು ಈಗ ಅವರ ಮನಿಗೆ ಹೊಂಟೀನಿ, ಅವರನ್ನೂ ಒಂದು ಮಾತು ಕೇಳ್ತೀನಿ. ಇನಿಶಿಯಲ್ ಸರಿಯಾಗಿ ಬರಸ್ಕೊಂಡು ನಿಮಗ ಮೆಸೇಜ್ ಮಾಡ್ತೀನಿ. ಮನಿಯಾಕಿ ಹೆಸರೂ ಹಾಕ್ಯಾರೇನು? ಬಣ್ಣ ಎಲ್ಲಾ ಅವರದ ಕೈ.

ಕೋಟಿ ಓಣಿ, ಕೊಪ್ಪಳ
ಇಲ್ಲ, ಹಾಕಿಲ್ಲ. ಅದನ್ನೂ ಸೇರಸ್ತೀನಿ. ನೀ ಕೇಳಿ ಹೇಳು ತಮ್ಮಾ, ಅಲ್ಲೀತನಕ ಫೋಟೋ ಕಳಸೂದಿಲ್ಲ.